ಗೋಡೆಯ ಮೇಲಿನ ಬಾನೆಟ್

ಬಟ್ಟೆಯಕ್ಕ ಇಪ್ಪತ್ತಾರು ವರ್ಷ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದವಳು. ಒಂದು ದಿನ ಆ ಕೆಲಸವನ್ನು ಹೊರಗಿನ ಕಂಪನಿಯೊಂದಕ್ಕೆ ವಹಿಸಿ, ಹನ್ನೆರಡು ಜನರಿಗೂ ಒಂದೊಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ಮಾಡಲು ಕೆಲಸವಿಲ್ಲದವರಿಗೆ ಗಡಿಯಾರ ಕೊಡಬೇಕೆಂದು ಹೊಳೆದದ್ದು ಯಾವ ಪುಣ್ಯಾತ್ಮನಿಗೋ ಗೊತ್ತಿಲ್ಲ. ಅವಳಿಗಾಗ ಐವತ್ತೊಂದು. ಮನೆಯಲ್ಲಿ ಇದ್ದವರು ಇಬ್ಬರೇ, ಅವಳು ಮತ್ತು ನಾದಿನಿ. ಎರಡು ತಿಂಗಳು ಅವಳು ಮನೆಯ ಪರದೆ, ದಿಂಬಿನ ಚೀಲ, ಕಾಲೊರಸು, ಕೊನೆಗೆ ಬಟ್ಟೆ ಒಣಹಾಕುವ ಹಗ್ಗವನ್ನೂ ಬಿಡದೆ ಒಗೆದಳು.

"ಇನ್ನು ನನ್ನನ್ನೊಂದು ಹಿಂಡಿ ಒಣಹಾಕೋದು ಬಾಕಿ" ಎಂದಳು ನಾದಿನಿ. "ಎಲ್ಲಾದ್ರೂ ಕೆಲಸ ನೋಡ್ಕೊಳೇ ಮಹರಾಯ್ತಿ, ನಿನ್ನ ದಮ್ಮಯ್ಯ."

ಕೆಲಸದ ಚೀಟಿ ನೋಡಿಕೊಂಡು ಬಂದವಳೂ ನಾದಿನಿಯೇ. ಮುಖ್ಯರಸ್ತೆಯ ಹಿಂದಿನ ಓಣಿಯಲ್ಲಿ, ಕಾರುಗಳ ಬಣ್ಣಕ್ಕೆ ಹೊಳಪು ಕೊಡುವ ಶೆಡ್ಡಿನ ಬಾಗಿಲಿಗೆ ಅದನ್ನು ಅಂಟಿಸಿದ್ದರಂತೆ. 'ಕಲಿಯುವವರು ಬೇಕು. ವಯಸ್ಸು ಎಷ್ಟಾದರೂ ಸರಿ. ಅವಸರದವರು ಬರಬೇಡಿ.' ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಬಟ್ಟೆಯಕ್ಕ ಗೊಣಗಿದಳು. "ಮರವೂ ಬೇಡ ಗಿಡವೂ ಬೇಡ, ಮೊದಲು ಮನೆಯಿಂದ ಹೊರಡು" ಎಂದು ನಾದಿನಿ ಚಪ್ಪಲಿ ತಂದು ಮುಂದಿಟ್ಟಳು.

ಶೆಡ್ಡಿನ ಯಜಮಾನನನ್ನು ಎಲ್ಲರೂ ಕರೆಯುವುದು ಸಾಣೆಯಜ್ಜ ಎಂದು. ಎಪ್ಪತ್ತರ ಆಸುಪಾಸಿನ, ಒಣಗಿದ ಕಡ್ಡಿಯಂಥ ಮನುಷ್ಯ. ಎರಡೂ ಕಣ್ಣಿಗೆ ಪೊರೆ ಬಂದು, ಶಸ್ತ್ರಚಿಕಿತ್ಸೆಯ ದಿನಕ್ಕೆ ಕಾಯುತ್ತಿದ್ದ. ಹೊಳಪು ಕೊಡುವವನಿಗೆ ಹೊಳಪೇ ಕಾಣದ ಸ್ಥಿತಿ. ಅವನು ಅದಕ್ಕೆ ಅತ್ತದ್ದನ್ನು ಯಾರೂ ನೋಡಿಲ್ಲ, ನಗುವುದನ್ನು ಮಾತ್ರ ನೋಡಿದ್ದಾರೆ.

ಅವಳು ಕಲಿಯಲು ಸೇರಿದ ಮೂರನೆಯ ದಿನ ಅಜ್ಜ ಒಂದು ರಾಶಿ ಒರೆಸುವ ಬಟ್ಟೆಗಳನ್ನು ಮುಂದೆ ಸುರಿದು "ವಿಂಗಡಿಸು" ಎಂದ. ಅವಳು ಕಣ್ಣುಮುಚ್ಚಿ, ಬರೀ ಬೆರಳಲ್ಲಿ, ಮೃದುವಾದವು, ಒರಟಾದವು, ಸೋಪು ಪೂರ್ತಿ ಹೋಗದವು ಎಂದು ಮೂರು ಗುಡ್ಡೆ ಮಾಡಿದಳು. ಬಟ್ಟೆಯ ಮೂಲೆಯಲ್ಲಿ ಹೊಲಿದಿದ್ದ ಗಟ್ಟಿ ಚೀಟಿ ಬಣ್ಣವನ್ನು ಗೀಚೀತೆಂದು, ಯಾರೂ ಹೇಳದೆಯೇ ಕತ್ತರಿಯಿಂದ ಅದನ್ನು ಬಿಡಿಸಿ ತೆಗೆದಳು. ಅಜ್ಜ ಗುಡ್ಡೆಗಳನ್ನು ಮುಟ್ಟಿ ನೋಡಿದ. "ಬಟ್ಟೆಯಕ್ಕ" ಎಂದ. ಅಂದಿನಿಂದ ಅದೇ ಹೆಸರು ನಿಂತುಬಿಟ್ಟಿತು.

ಕಲಿಯುವುದು ಮಾತ್ರ ಸುಲಭವಿರಲಿಲ್ಲ. ಕಾರು ತೊಳೆಯುವುದೇನು ಬ್ರಹ್ಮವಿದ್ಯೆಯೇ ಎಂದುಕೊಂಡು ಹೋದವಳಿಗೆ ಮೊದಲ ವಾರ ಬರೀ ತೊಳೆಯುವುದೇ ಆಯಿತು. ಬಕೆಟ್ ಎರಡು ಬೇಕು, ಒಂದು ಸೋಪಿನದು, ಇನ್ನೊಂದು ಉಜ್ಜುವ ಕೈಗವಸಿನ ಮಣ್ಣನ್ನು ಬಿಡಿಸಿಕೊಳ್ಳಲು. ನೆಲಕ್ಕೆ ಬಿದ್ದ ಬಟ್ಟೆ ಕಾರಿಗೆ ಸತ್ತಂತೆ. ಕೊಡವಿದರೂ ಮರಳಿನ ಕಣ ಒಳಗೇ ಕೂತಿರುತ್ತದೆ. ತೊಳೆದ ಮೇಲೆ ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಬಣ್ಣದ ಮೇಲೆ ಸವರಬೇಕು. ಬರಿಗೈಗೆ ಸಿಗದ ತರಿ ಚೀಲದೊಳಗಿನ ಬೆರಳಿಗೆ ಸಿಗುತ್ತದೆ. ಮೊದಲ ಸಲ ಹಾಗೆ ಸವರಿದಾಗ, ಕನ್ನಡಿಯಂತೆ ಕಂಡಿದ್ದ ಬಾಗಿಲು ರವೆ ಚೆಲ್ಲಿದ ಹಾಗೆ ತರಿತರಿಯಾಗಿ ತಾಗಿತು.

"ಕಣ್ಣು ಮರ್ಯಾದೆಗೆ ಸುಳ್ಳು ಹೇಳುತ್ತೆ ಕಣಮ್ಮ. ಬೆರಳಿಗೆ ಆ ನಾಜೂಕಿಲ್ಲ" ಎಂದ ಅಜ್ಜ.

ಆಮೇಲೆ ಆ ತರಿಯನ್ನೆಲ್ಲ ಎತ್ತುವ ಜೇಡಿಮಣ್ಣಿನಂಥ ಮುದ್ದೆ, ಆಮೇಲೆ ಗಿರಗಿರನೆ ತಿರುಗುವ ಯಂತ್ರ. ಯಂತ್ರ ಹಿಡಿಯುವುದನ್ನು ಕಲಿಯಲು ಸ್ಟ್ಯಾಂಡಿಗೆ ಸಿಕ್ಕಿಸಿದ ಹಳೆಯ ಬಾಗಿಲೊಂದಿತ್ತು. ಬಣ್ಣದ ಮೇಲೊಂದು ಪಾರದರ್ಶಕ ಪದರವಿರುತ್ತದೆ, ಕಾಗದಕ್ಕಿಂತ ತೆಳು, ಗೀರು ಹೋಗಲಾಡಿಸುವುದೆಂದರೆ ಆ ಪದರವನ್ನೇ ಒಂದಿಷ್ಟು ತೆಗೆಯುವುದು. ತೆಗೆದದ್ದು ಮತ್ತೆ ಬರುವುದಿಲ್ಲ. ಬಾಗಿಲಿನ, ಬಾನೆಟ್ಟಿನ ಅಂಚುಗಳಲ್ಲಿ ಅದು ಇನ್ನೂ ತೆಳು, ಯಂತ್ರದ ಬಿಸಿಗೆ ಬಣ್ಣವೇ ಸುಟ್ಟುಹೋದೀತು. ಅದಕ್ಕೇ ಅಂಚಿಗೆ ಟೇಪು ಹಚ್ಚಿಯೇ ಯಂತ್ರ ಹಿಡಿಯಬೇಕು. ಇಷ್ಟನ್ನೂ ಅಜ್ಜ ನೂರು ಸಲ ಹೇಳಿದ್ದ, ಅವಳು ನೂರು ಸಲವೂ ತಲೆಯಾಡಿಸಿದ್ದಳು.

ಅವಳನ್ನು ಕಾಡುತ್ತಿದ್ದದ್ದು ಗೋಡೆಯ ಮೇಲಿದ್ದ ಬಾನೆಟ್. ಯಾವುದೋ ಕಾಲದ ಬೂದು ಬಣ್ಣದ ಬಾನೆಟ್ಟನ್ನು ದೊಡ್ಡ ಮೊಳೆಗಳಿಗೆ ತೂಗುಹಾಕಿದ್ದರು. ಅದರ ಅಂಚಿನುದ್ದಕ್ಕೂ ಏಳು ಕಡೆ ಬಣ್ಣ ಸುಟ್ಟು ಮಂಕಾದ ಗುರುತು, ಒಂದೊಂದರ ಪಕ್ಕದಲ್ಲೂ ಕುಂಚದಲ್ಲಿ ಬರೆದ ಅಡ್ಡಹೆಸರು. ಎಡಗೈಯ, ಉದ್ದಣ್ಣ, ಗೊಣಗಪ್ಪ, ಹೀಗೆ. ಆ ಏಳು ಜನರಲ್ಲಿ ಒಬ್ಬರೂ ಈಗ ಶೆಡ್ಡಿನಲ್ಲಿ ಇರಲಿಲ್ಲ. "ಇದೇನಜ್ಜ?" ಎಂದರೆ "ಆ ಪಾಠಕ್ಕೆ ನೀನಿನ್ನೂ ಬಂದಿಲ್ಲ" ಎಂದಿದ್ದ. ಕಾರು ಕೆಡಿಸಿ ಹೊರಗೆ ಹೋದವರ ಪಟ್ಟಿ ಇದು ಎಂದು ಅವಳು ತೀರ್ಮಾನಿಸಿಕೊಂಡಳು. ದಿನಾ ಬೆಳಗ್ಗೆ ಎಂಟನೆಯ ಜಾಗದ ಕಡೆ ನೋಡಿ ಮುಖ ತಿರುಗಿಸುತ್ತಿದ್ದಳು.

ಮೂರು ತಿಂಗಳ ಕೊನೆಗೆ ಅಜ್ಜ ಹೇಳಿದ: "ಈ ಗಾಡಿ ಪೂರ್ತಿ ನಿಂದು. ನಾನು ಕೈ ಹಾಕಲ್ಲ. ಇದು ಸರಿಯಾದ್ರೆ ನೀನು ಇಲ್ಲಿಯ ಕೆಲಸದವಳು."

ಗಾಡಿ ಒಬ್ಬ ನಿವೃತ್ತ ಬಸ್ ಡ್ರೈವರನದು. ಮೂವತ್ತನಾಲ್ಕು ವರ್ಷ ಊರವರ ಬಸ್ಸು ಓಡಿಸಿ, ಕೊನೆಗೆ ತನಗೆಂದು ಕೊಂಡ ಗಾಢ ನೀಲಿ ಕಾರು. ಹನ್ನೊಂದು ವರ್ಷದ ಬಿಸಿಲು, ಸಿಕ್ಕಸಿಕ್ಕ ಚಿಂದಿಯಲ್ಲಿ ಒರೆಸಿದ ಸುತ್ತು ಗೀರು, ಎಲ್ಲ ಸೇರಿ ಮಂಜು ಕವಿದಂತಿತ್ತು. ಅವನ ಹೆಂಡತಿ ಮೂರು ತಿಂಗಳಿಂದ ಆಸ್ಪತ್ರೆಯಲ್ಲಿದ್ದಳು, ಶನಿವಾರ ಮನೆಗೆ ಬಿಡುವವರಿದ್ದರು.

"ಬರೋವಾಗ ಅವಳು ಈ ಗಾಡಿಯಲ್ಲಿ ತನ್ನ ಮುಖ ನೋಡ್ಕೊಬೇಕು, ಅಷ್ಟೇ" ಎಂದ ಡ್ರೈವರ್. "ಅವಳು ಕೂರೋ ಬಾಗಿಲನ್ನು ಒಂಚೂರು ಜಾಸ್ತಿ ಚೆನ್ನಾಗಿ ಮಾಡಿ."

ಬಟ್ಟೆಯಕ್ಕ ನಾಲ್ಕು ದಿನ ಆ ಕಾರಿನ ಮೇಲೆ ಪ್ರಾಣವನ್ನೇ ಇಟ್ಟಳು. ಮಂಜು ಸರಿದು ಒಳಗಿಂದ ನೀಲಿ ಎದ್ದುಬಂತು. ಶುಕ್ರವಾರ ಮಧ್ಯಾಹ್ನ ಉಳಿದದ್ದು ಒಂದೇ, ಹೆಂಡತಿ ಕೂರುವ ಕಡೆಯ ಬಾಗಿಲಿನ ಅಂಚು. ಟೇಪು ಬಿಡಿಸಿದಾಗ ಅದರಡಿಯಲ್ಲಿ ದಾರದಷ್ಟು ಅಗಲಕ್ಕೆ ಮಂಕು ಉಳಿದಿತ್ತು. ಅದನ್ನು ಕೈಯಲ್ಲಿ ಮೆಲ್ಲಗೆ ಉಜ್ಜಬೇಕು, ಯಂತ್ರ ಕೂಡದು. ಅದು ಅವಳಿಗೂ ಗೊತ್ತು. ಆದರೆ ಇಪ್ಪತ್ತಾರು ವರ್ಷದ ಚಾಳಿ ಎಲ್ಲಿಗೆ ಹೋಗಬೇಕು? ಹಾಸಿಗೆ ಬಟ್ಟೆಯ ಕೊಳೆ ಕೂರುವುದು ಅಂಚಿನಲ್ಲೇ. ಅಂಚು ತಿಕ್ಕಿದವಳೇ ಒಗೆಯುವವಳು, ನಡುವನ್ನು ಯಾರು ಬೇಕಾದರೂ ಒಗೆದಾರು ಎಂದು ಹೊಸಬರಿಗೆಲ್ಲ ಪಾಠ ಹೇಳಿದವಳು ಅವಳೇ. ತಲೆಗೆ ನೆನಪಾಗುವ ಮೊದಲೇ ಕೈ ಯಂತ್ರವನ್ನು ಅಂಚಿಗೆ ಒತ್ತಿತ್ತು.

ಎರಡೇ ಉಸಿರು. ಎತ್ತಿ ನೋಡಿದರೆ ಉಗುರಿನಗಲ ನೀಲಿ ಮಾಯವಾಗಿ, ಕೆಳಗಿನ ಬೂದು ಬಿಳುಪು ಕಣ್ಣು ಬಿಟ್ಟುಕೊಂಡು ನೋಡುತ್ತಿತ್ತು. ತಿರುಗಿ ನೋಡಿದಳು. ಅಜ್ಜ ಬಾಗಿಲ ಬಳಿ ಕುರ್ಚಿಯಲ್ಲಿ ಕೂತು ರೇಡಿಯೋ ಕೇಳುತ್ತಿದ್ದ.

ಸಂಜೆ ಅಜ್ಜ ಬಂದು, ಚೀಲದೊಳಗೆ ಕೈಯಿಟ್ಟು ಇಡೀ ಕಾರನ್ನು ಸವರಿದ. ಬೆರಳು ಆ ಅಂಚಿಗೂ ಬಂತು, ಮುಂದೆ ಹೋಯಿತು. ಸುಟ್ಟ ಜಾಗ ಬೆರಳಿಗೆ ನುಣ್ಣಗೇ ಇರುತ್ತದಲ್ಲ. "ಚೆನ್ನಾಗಿದೆ" ಎಂದ. "ಸ್ಪಿರಿಟ್ಟಲ್ಲಿ ಒರೆಸಿ ಮೇಣ ಹಚ್ಚು. ನಾಳೆ ನೀನೇ ಅವರ ಕೈಗೆ ಒಪ್ಪಿಸು."

ಅಜ್ಜ ಅತ್ತ ಹೋದ ಮೇಲೆ ಅವಳ ಕಣ್ಣು ಕಪಾಟಿನ ಮೇಲಿದ್ದ ನೀಲಿ ಡಬ್ಬಿಗೆ ಬಿತ್ತು. ಬಣ್ಣ ಬೆರೆಸಿದ ಹೊಳಪು ಅದು. ಒಂದು ಬೆರಳು ಸವರಿದರೆ ಎರಡು ಸಲ ತೊಳೆಯುವವರೆಗೆ ಯಾರಪ್ಪನಿಗೂ ಗೊತ್ತಾಗದು. ಡಬ್ಬಿ ಕೈಗೆತ್ತಿಕೊಂಡು ಮುಚ್ಚಳ ತೆಗೆದಳು. ಆಸ್ಪತ್ರೆಯಲ್ಲಿ ಕೆಲವರು ಹರಿದ ಚಾದರವನ್ನು, ಹರಿದ ಕಡೆ ಒಳಕ್ಕೆ ಬರುವಂತೆ ಮಡಚಿ ವಾರ್ಡಿಗೆ ಕಳಿಸುತ್ತಿದ್ದರು. ಅಂಥವರ ಜೊತೆ ಅವಳು ಮಾತು ಬಿಟ್ಟದ್ದುಂಟು. ಹರುಕು ಬಿಚ್ಚಿಕೊಳ್ಳುವುದು ಮಲಗಿದವರ ಕಾಲಡಿ. ಅವಳು ಮುಚ್ಚಳ ಹಾಕಿ ಡಬ್ಬಿಯನ್ನು ಅದರ ಜಾಗದಲ್ಲಿಟ್ಟಳು. ಬಾಗಿಲಿಗೆ ಸ್ಪಿರಿಟ್ ಒರೆಸಿದಳು. ಗುರುತು ಇನ್ನಷ್ಟು ಬೆಳ್ಳಗೆ ಕಂಡಿತು.

ಮನೆಗೆ ಬಂದು ನಾದಿನಿಗೆ ಎಲ್ಲ ಹೇಳಿದಳು. "ನಾಳೆ ನನ್ನ ಕೆಲಸ ಹೋಗುತ್ತೆ."

ನಾದಿನಿ ಅವಳ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು. "ಹೋದ್ರೆ ಹೋಗ್ಲಿ. ಹೇಳ್ಬಿಡು. ಪರದೆಗಳ ಗತಿ ನೆನೆಸ್ಕೊಂಡ್ರೆ ಮಾತ್ರ ಹೊಟ್ಟೆ ಉರಿಯುತ್ತೆ."

ಶನಿವಾರ ಬೆಳಗ್ಗೆ ಡ್ರೈವರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿ, ಮದುಮಗನ ಹಾಗೆ ಬಂದ. ಕಾರನ್ನು ನೋಡಿ ಕಣ್ಣರಳಿಸಿ ಅದರ ಸುತ್ತ ಒಂದು ಸುತ್ತು ಬಂದ. ಬಟ್ಟೆಯಕ್ಕ ಅವನ ಸಂತೋಷ ಮುಗಿಯುವವರೆಗೂ ಕಾಯಬಾರದೆಂದು ಮುಂದೆ ಬಂದಳು.

"ಮೊದಲು ಇದನ್ನು ನೋಡಿ" ಎಂದು ಬಾಗಿಲು ತೆಗೆದು ಅಂಚು ತೋರಿಸಿದಳು. "ಇದು ಮೊದಲಿರಲಿಲ್ಲ. ನನ್ನ ಕೈ ತಪ್ಪಿಂದ ಆದದ್ದು. ಉಜ್ಜಿದ್ರೆ ಹೋಗಲ್ಲ, ಬಣ್ಣವೇ ಹೊಡೀಬೇಕು. ನಾನೇ ನಿಂತು ಹೊಡೆಸಿಕೊಡ್ತೀನಿ. ನಿಮ್ಮ ಮನೆಯವರು ಕೂರೋ ಕಡೆನೇ ಹಿಂಗಾಯ್ತು, ಕ್ಷಮಿಸಿ."

ಡ್ರೈವರ್ ಬಗ್ಗಿ ನೋಡಿದ. ಹೆಬ್ಬೆರಳಲ್ಲಿ ಆ ಜಾಗವನ್ನು ಮುಟ್ಟಿದ. ಮುಖ ಸಣ್ಣಗಾಯಿತು. ಅದನ್ನು ಅವನೂ ಮುಚ್ಚಿಡಲಿಲ್ಲ. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಹೇಳಿದ: "ಬಣ್ಣ ಆಮೇಲೆ ಹೊಡೆಸೋಣ ಅಕ್ಕ. ಹತ್ತಕ್ಕೆ ಅವಳನ್ನು ಬಿಡ್ತಾರೆ, ಇವತ್ತು ನಾನು ತಡ ಮಾಡಬಾರದು." ಕೀಲಿ ತೆಗೆದುಕೊಂಡು ಹೊರಟೇಬಿಟ್ಟ.

ಬಟ್ಟೆಯಕ್ಕ ಕೆಲಸದ ಏಪ್ರನ್ ಬಿಚ್ಚಿ, ಮಡಚಿ, ಅಜ್ಜನ ಮುಂದಿಟ್ಟಳು. "ನಿಮಗೂ ನಿನ್ನೆಯೇ ಹೇಳಬೇಕಿತ್ತು. ಧೈರ್ಯ ಸಾಲಲಿಲ್ಲ."

"ನಂಗೆ ನಿನ್ನೆಯೇ ಗೊತ್ತಿತ್ತು" ಎಂದ ಅಜ್ಜ. "ಬಣ್ಣ ಸುಟ್ಟ ವಾಸನೆ ಬಾಗಿಲವರೆಗೂ ಬಂತು. ಪೊರೆ ಬಂದಿರೋದು ಕಣ್ಣಿಗೆ ಕಣಮ್ಮ, ಮೂಗಿಗಲ್ಲ."



ಅಜ್ಜ ಎದ್ದು, ತಡವರಿಸಿಕೊಂಡು ಹೋಗಿ ಗೋಡೆಯ ಬಾನೆಟ್ಟಿನ ಮೇಲೆ ಕೈಯಿಟ್ಟ. "ಇಲ್ಲಿ ಕಲಿತವರು ಇಪ್ಪತ್ತು ಮೂವತ್ತು ಜನ. ಅಂಚು ಸುಡದವರು ಒಬ್ಬರೂ ಇಲ್ಲ. ಬಣ್ಣದ ಡಬ್ಬಿ ಹಚ್ಚಿ ಮುಚ್ಚಿ ಕಳಿಸಿದವರೇ ಜಾಸ್ತಿ. ಅವರ ಹೆಸರು ಇಲ್ಲಿಲ್ಲ. ತಾವಾಗಿ ಬಾಯಿಬಿಟ್ಟವರು ಈ ಏಳು ಜನ. ಈಗ ಏಳೂ ಜನಕ್ಕೂ ಸ್ವಂತ ಶೆಡ್ಡಿದೆ." ಅವನ ಬೆರಳು ಗುರುತುಗಳ ಮೇಲೆ ಒಂದೊಂದಾಗಿ ಹರಿದಾಡಿತು. "ಇಲ್ಲಿ ನನ್ನ ಹೆಸರೂ ಇಲ್ಲ. ನಾನು ಕಲಿಯೋವಾಗ ಮುಚ್ಚಿಟ್ಟವನು. ಈ ಬಾನೆಟ್ ನಾನು ಬಾಗಿಲಂಚು ಸುಟ್ಟ ಗಾಡಿದೇ. ಆ ಗಾಡಿಯ ಯಜಮಾನರು ಎರಡು ತಿಂಗಳಾದ ಮೇಲೆ ಬಂದು, ಬೈಲಿಲ್ಲ, 'ಹೇಳಿದ್ದಿದ್ರೆ ಸಾಕಿತ್ತು' ಅಂದ್ರು. ಬೈದಿದ್ರೆ ಮರೆತುಬಿಡ್ತಿದ್ದೆ."

ಆಮೇಲೆ ಯಂತ್ರವನ್ನು ಅವಳ ಕೈಗೆ ಕೊಟ್ಟು, ಎಂಟನೆಯ ಜಾಗದಲ್ಲಿ ಬೇಕೆಂದೇ ಸುಡಲು ಹೇಳಿದ. ಅವಳು ಒತ್ತಿದಳು. ಒಂದು ಉಸಿರಿಗೆ ಲೋಹ ಬಿಸಿಯಾಯಿತು, ಎರಡನೆಯದಕ್ಕೆ ಕಟುವಾದ ವಾಸನೆ ಎದ್ದಿತು.

"ಈ ವಾಸನೆಗೆ ಒಂದು ಉಸಿರು ಮುಂಚೆ ಕೈ ಎತ್ತಬೇಕು. ಇದನ್ನು ಮಾತಲ್ಲಿ ಕಲಿಸೋಕಾಗಲ್ಲ" ಎಂದ. "ಹೆಸರು ನೀನೇ ಬರಿ. ಮುಂದಿನ ವಾರ ನನಗೆ ಕಣ್ಣಿನ ಆಪರೇಷನ್. ಶೆಡ್ಡಿನ ಕೀಲಿ ನಿನ್ನ ಹತ್ರ ಇರಲಿ."

ಕುಂಚ ಹಿಡಿದು ಬರೆಯುವಾಗ ಅವಳಿಗೆ ಅಕ್ಷರ ಕಾಣಲಿಲ್ಲ, ಕಣ್ಣು ತುಂಬಿತ್ತು. ತನ್ನ ಒಗೆಯುವ ಕೆಲಸ ಕಿತ್ತುಕೊಂಡ ಕಂಪನಿಗೂ, ಗೋಡೆ ಗಡಿಯಾರಕ್ಕೂ, ಚಪ್ಪಲಿ ತಂದಿಟ್ಟ ನಾದಿನಿಗೂ ಅವಳು ಮನಸ್ಸಿನಲ್ಲೇ ಕೈಮುಗಿದಳು.

ಹನ್ನೊಂದರ ಹೊತ್ತಿಗೆ ನೀಲಿ ಕಾರು ಓಣಿಯೊಳಗೆ ಬಂದು ಶೆಡ್ಡಿನ ಮುಂದೆ ನಿಂತಿತು. ಬಟ್ಟೆಯಕ್ಕ ಹೊರಗೆ ಬಂದಳು. ಡ್ರೈವರನ ಪಕ್ಕದಲ್ಲಿ, ಅಂಗಿಯೊಳಗೆ ಅರ್ಧ ಕರಗಿಹೋದಂತೆ ಸೊರಗಿದ ಹೆಂಗಸು ಕೂತಿದ್ದಳು. ಅವಳೇ ಬಾಗಿಲು ತೆರೆದಳು.

"ಇದನ್ನು ಮಾಡಿದವರು ನೀವಾ?" ಎಂದು ಆ ಬೂದು ಗುರುತಿನ ಮೇಲೆ ಬೆರಳಿಟ್ಟಳು.

"ಹೌದಮ್ಮ. ನಾನೇ."

"ಮೂರು ತಿಂಗಳಿಂದ ನನ್ನ ಹಾಸಿಗೆ ಹತ್ರ ಬಂದವರೆಲ್ಲ 'ಏನೂ ಆಗಿಲ್ಲ, ಏನೂ ಆಗಿಲ್ಲ' ಅಂತಲೇ ಹೇಳಿದ್ರು. ಇವರೂ ಸೇರಿ" ಎಂದು ಗಂಡನ ಕಡೆ ತಲೆ ಆಡಿಸಿದಳು. "ಇವತ್ತು ಗಾಡಿ ಹತ್ತೋವಾಗ ಇವರು ಈ ಗುರುತು ತೋರಿಸಿ ನೀವು ಹೇಳಿದ್ದನ್ನು ಹೇಳಿದ್ರು. ಆಮೇಲೆ ದಾರಿಯಲ್ಲಿ ಗಾಡಿ ಪಕ್ಕಕ್ಕೆ ನಿಲ್ಸಿ, ಡಾಕ್ಟರು ನಿಜವಾಗಿ ಏನಂದ್ರು ಅನ್ನೋದನ್ನೂ ಹೇಳಿದ್ರು. ಇಬ್ಬರೂ ಕೂತು ಅತ್ತೆವು. ಎದೆ ಹಗುರ ಆಯ್ತು. ಅದಕ್ಕೇ ಬಂದೆ." ಅವಳು ಸ್ವಲ್ಪ ನಕ್ಕಳು. "ಇದಕ್ಕೆ ಬಣ್ಣ ಹೊಡೀಬೇಡಿ. ಹಿಂಗೇ ಇರ್ಲಿ."

ಡ್ರೈವರ್ ಮುಂದಿನ ಗಾಜಿನಾಚೆ ನೋಡುತ್ತ ಮೂಗು ಒರೆಸಿಕೊಂಡ. ಬಟ್ಟೆಯಕ್ಕ ಹೆಗಲ ಮೇಲಿದ್ದ ಶುಭ್ರ ಬಟ್ಟೆಯಿಂದ ಆ ಗುರುತನ್ನು ಒಮ್ಮೆ ಮೆಲ್ಲಗೆ ಒರೆಸಿ, ಬಾಗಿಲನ್ನು ತಾನೇ ಮುಚ್ಚಿದಳು. ಮುಚ್ಚಿದ ಬಾಗಿಲ ನೀಲಿಯಲ್ಲಿ ಅವಳ ಮುಖ ಕಂಡಿತು.