ಅಡ್ಡ ಬಂದ ಕೊಂಬೆ

ದೊಡ್ಡಹನುಮಯ್ಯನವರು ಯಾರನ್ನೂ, ಯಾವುದನ್ನೂ ಇದ್ದ ಜಾಗದಲ್ಲಿ ಇರಗೊಡುತ್ತಿರಲಿಲ್ಲ. ಹೋಟೆಲಿನಲ್ಲಿ ಎದುರಿಗೆ ಕೂತರೆ ನನ್ನ ಕಾಫಿ ಲೋಟವನ್ನು ಎರಡು ಬೆರಳು ಆಚೆ ಸರಿಸುವರು. ಸಾವಿನ ಮನೆಗೆ ಹೋದರೆ ಪಟಕ್ಕೆ ಹಾಕಿದ ಹಾರವನ್ನು ನೇರ ಮಾಡದೆ ಹೊರಡುವವರಲ್ಲ. ಒಮ್ಮೆಯಂತೂ ಹಾರೋಹಳ್ಳಿ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ನನ್ನನ್ನು ಎಡಗಣ್ಣು ಮುಚ್ಚಿ ದಿಟ್ಟಿಸಿ, "ಒಸಿ ಈ ಕಡೀಕ್ ಬನ್ನಿ ಮೇಷ್ಟ್ರೇ, ತಲೆ ಮ್ಯಾಲೆ ಕರೆಂಟ್ ಕಂಬ ನಿಂತೈತೆ" ಎಂದು ತೋಳು ಹಿಡಿದು ಎಳೆದರು. ಅವರ ಕೈಯಲ್ಲಿ ಕ್ಯಾಮೆರಾವೇ ಇರಲಿಲ್ಲ. ನನಗೆ ಬಸ್ಸು ತಪ್ಪಿಹೋಯಿತು.

ಸರ್ಕಲ್ಲಿನಿಂದ ಮರಳವಾಡಿ ರಸ್ತೆಗೆ ಹೊರಳುವಲ್ಲಿ ಅವರದೊಂದು ಇಕ್ಕಟ್ಟಾದ ಸ್ಟುಡಿಯೋ. ಮೂವತ್ತು ವರ್ಷ ಸುತ್ತಲಿನ ಹಳ್ಳಿಗಳ ಮದುವೆಗಳ ಫೋಟೋ ತೆಗೆದವರು. ಕೈಗಾರಿಕಾ ಪ್ರದೇಶ ಹಬ್ಬತೊಡಗಿದ ಮೇಲೆ, ಅಂದರೆ ಎರಡು ಸಾವಿರದ ಮೂರು, ನಾಲ್ಕರ ಹೊತ್ತಿಗೆ, ಕಾರ್ಖಾನೆಯ ಗುರುತಿನ ಚೀಟಿಗೆಂದು ದಿನವೂ ಹತ್ತಾರು ಮುಖಗಳು ಅದೇ ನೀಲಿ ಪರದೆಯೆದುರು, ಅದೇ ಸ್ಟೂಲಿನ ಮೇಲೆ ಕೂತು ಎದ್ದುಹೋಗುತ್ತಿದ್ದವು. "ಮಕ ನೋಡಿ ನೋಡಿ ಸಾಕಾಗೋಯ್ತು ಮೇಷ್ಟ್ರೇ, ಒಬ್ರೂ ನಗಾಕಿಲ್ಲ" ಎನ್ನುವರು. ಆ ದಣಿವಿಗೆ ಅವರು ಕಂಡುಕೊಂಡ ಮದ್ದು ಕಾಡುಗಿಳಿ.

ಮರಳವಾಡಿ ದಾರಿಯಲ್ಲಿ, ಕಾರ್ಖಾನೆಯೊಂದಕ್ಕೆ ಕೊಡುವುದೆಂದು ಗೊತ್ತಾಗಿದ್ದ ಹೊಲದಂಚಿನಲ್ಲಿ ಒಂದು ವೃದ್ಧ ಹುಣಸೆಮರವಿತ್ತು. ಅದರ ಪೊಟರೆಗಳಲ್ಲಿ ಗಿಳಿಗಳ ಸಂಸಾರ. ಭಾನುವಾರದ ಮುಂಜಾವಿಗೆ ಹನುಮಯ್ಯನವರು, ಮದುವೆಗಳಿಗೆ ಹಾಕಿ ಹಾಕಿ ಮೊಣಕೈ ಸವೆದ ಅದೇ ಕರಿಕೋಟು ತೊಟ್ಟು, ಬಲಭುಜ ತಗ್ಗಿಸಿ, ಚೀಲದ ಭಾರಕ್ಕೆ ಒಂದು ಪಕ್ಕಕ್ಕೆ ವಾಲುತ್ತ ಅಲ್ಲಿಗೆ ನಡೆಯುವರು. ಬೇಸಿಗೆಯಲ್ಲಿ ಇದೇನು ಕೋಟು ಎಂದರೆ, "ಕೋಟು ಬುಟ್ಟು ಹೋದ್ರೆ ಗಿಣಿಗಳು ಗುರ್ತು ಹಿಡಿಯಾಕಿಲ್ಲ" ಎಂಬ ಉತ್ತರ.

ಮೊದಮೊದಲ ಚಿತ್ರಗಳನ್ನು ನೋಡಿ ನಾನು ನಕ್ಕುಬಿಟ್ಟೆ. ನಮ್ಮ ಕಡೆ ಮದುವೆಯ ಪಟದಲ್ಲಿ ಬೀಗರ ಕಾಲ್ಬೆರಳೊಂದು ಹೊರಗುಳಿದರೂ ಜಗಳ. ಎಲ್ಲರೂ ನಟ್ಟನಡುವೆ, ನೆತ್ತಿಯಿಂದ ಪಾದದವರೆಗೆ ಬರಬೇಕು. ಆ ಶಿಸ್ತನ್ನೇ ಇವರು ಗಿಳಿಗೂ ಅನ್ವಯಿಸಿದ್ದರು: ಕೊಕ್ಕಿನಿಂದ ಬಾಲದ ತುದಿವರೆಗೆ, ಚೌಕಟ್ಟಿನ ಸರಿಮಧ್ಯದಲ್ಲಿ, ಕ್ಯಾಮೆರಾವನ್ನೇ ನೋಡುತ್ತ ಕೂತ ಪಕ್ಷಿ. "ಇದಕ್ಕೂ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೇನ್ರೀ?" ಎಂದೆ. ಎಂಟು ದಿನ ಮಾತು ಬಿಟ್ಟರು. ಒಂಬತ್ತನೆಯ ದಿನ ತಾವೇ ಮನೆಗೆ ಬಂದು, ಹೊಸದೊಂದು ಪಟವನ್ನು ಮೇಜಿನ ಮೇಲಿಟ್ಟು, ಬಿಳಿ ಕಾಗದದಿಂದ ಅದರ ಒಂದೊಂದು ಅಂಚನ್ನೇ ಮುಚ್ಚಿ ತೆರೆದು ತೋರಿಸಿದರು. ಗಿಳಿ ಈಗ ಎಡಗಡೆಗೆ ಸರಿದಿತ್ತು. ಅದು ನೋಡುತ್ತಿದ್ದ ದಿಕ್ಕಿನಲ್ಲಿ ಬರೀ ಆಕಾಶ. "ಅದು ನೋಡೋ ಕಡೀಕೆ ಒಸಿ ಜಾಗ ಬುಡ್ಬೇಕು ಮೇಷ್ಟ್ರೇ. ಇಲ್ದಿದ್ರೆ ಗ್ವಾಡೆಗೆ ಮಕ ಕೊಟ್ಟಂಗಾಯ್ತದೆ." ಪಾಠ ಹೇಳಿ ಬದುಕಿದ ನನಗೆ ಆ ದಿನ ಪಾಠವಾಯಿತು.

ಅಲ್ಲಿಂದ ಅವರಿಗೆ ಒಂದೇ ಹಂಬಲ: ಮರ ಹೋಗುವ ಮೊದಲು, ತಾಯಿಗಿಳಿ ಪೊಟರೆಯ ಬಾಯಲ್ಲಿ ಮರಿಗೆ ಗುಟುಕು ಕೊಡುವ ಒಂದೇ ಒಂದು ನಿರ್ದುಷ್ಟ ಚಿತ್ರ. ರೋಲಿನ ಮೇಲೆ ರೋಲು ಮುಗಿಯಿತು. ಒಮ್ಮೆ ಹಿನ್ನೆಲೆಯಲ್ಲಿ ಕಾರ್ಖಾನೆಯ ತಗಡಿನ ಸೂರು, ಒಮ್ಮೆ ಹೊಸದಾಗಿ ಎಳೆದ ತಂತಿ. ಅವೆಲ್ಲ ತಪ್ಪುವ ಕೋನವೊಂದಿತ್ತು. ಅಲ್ಲಿ ಮಾತ್ರ ಎಲೆತುಂಬಿದ ಒಂದು ಕೊಂಬೆ ಪೊಟರೆಗೆ ಅಡ್ಡವಾಗಿ ಬಾಗಿತ್ತು. ಪಟ ನೋಡುತ್ತ ನಾನೇ ಅಂದೆ, ಈಗಲೂ ನಾಲಗೆ ಕಚ್ಚಿಕೊಳ್ಳುತ್ತೇನೆ: "ಈ ಕೊಂಬೆಯೊಂದು ಇಲ್ಲದಿದ್ದರೆ ಎಷ್ಟು ಚೆಂದವಿತ್ತು!"

ಮುಂದಿನ ಭಾನುವಾರ ಅವರು ಕುಡುಗೋಲು ಒಯ್ದರು. ಕೊಂಬೆ ಸವರಿದರು, ಕಾದರು, ಬೇಕಾದ ಚಿತ್ರ ಸಿಕ್ಕಿತು. ಸಂತೋಷಕ್ಕೆ ಮರುದಿನವೂ ಹೋದರು. ಅಂದು ಅವರ ಕಣ್ಣೆದುರೇ, ಮರೆ ಕಳೆದುಕೊಂಡು ಬಟಾಬಯಲಾದ ಪೊಟರೆಗೆ ಗಿಡುಗವೊಂದು ಎರಗಿ, ಕತ್ತು ಚಾಚಿದ್ದ ಮರಿಯನ್ನು ಎಳೆದುಕೊಂಡು ಹೋಯಿತು. ತಾಯಿ ಮಧ್ಯಾಹ್ನದವರೆಗೆ ಅರಚಿತಂತೆ. "ಬಂದೋರು ಕೋಟು ಬಿಚ್ಚಿ ಮೊಳೆಗೆ ಹಾಕ್ದೋರು, ಮುದ್ದೆ ತಟ್ಟೆ ಮುಟ್ನಿಲ್ಲ" ಎಂದರು ಹೆಂಡತಿ ಚಿನ್ನಮ್ಮ. ನನ್ನ ಮಾತೇ ಇದಕ್ಕೆ ಮೂಲವೆಂದು ಆಕೆಗೆ ಗೊತ್ತಿರಲಿಲ್ಲ. ಹನುಮಯ್ಯನವರು ಇವತ್ತಿನವರೆಗೂ ಹೇಳಿಲ್ಲ.

ಚಿತ್ರವೇನೋ ಅಪೂರ್ವವಾಗಿತ್ತು. ಗುರುತಿನ ಚೀಟಿಗಳ ಕೆಲಸಕ್ಕೆ ಬಂದ ಕಾರ್ಖಾನೆಯ ಅಧಿಕಾರಿ ದೇವರಾಜ್ ಅದನ್ನು ಕಂಡು, ಕ್ಯಾಲೆಂಡರಿಗೆ ಬೇಕೇಬೇಕೆಂದು ಮೂರು ಸಲ ಬಂದು ಕೇಳಿದರು. ಇವರು ಪಟವನ್ನು ಡ್ರಾಯರಿನೊಳಗೆ ಮಗುಚಿ ಹಾಕಿ, "ಅದು ಸರಿಯಾಗಿ ಬಂದಿಲ್ಲ ಸಾರ್" ಎಂದುಬಿಟ್ಟರು.

ಎರಡು ವರ್ಷದ ಮೇಲೆ, ಕಾರ್ಖಾನೆಯ ಲಾರಿಗಳಿಗೆಂದು ರಸ್ತೆ ಅಗಲಿಸಲು ಮರವನ್ನೇ ಉರುಳಿಸಿದರು. ಗರಗಸದ ಸದ್ದಿಗೆ ಊರೇ ನೆರೆದಿತ್ತು. ಆ ಹಾಳು ಕಂಪನಿಯವರಿಂದಲೇ ಇದೆಲ್ಲ ಆಯಿತೆಂದು ಪಕ್ಕದ ಹೊಲದ ಮುನಿಶಾಮಯ್ಯ ಬಾಯಿಗೆ ಬಂದಂತೆ ಬಯ್ಯುತ್ತಿದ್ದ. ನನ್ನ ಪಕ್ಕದಲ್ಲಿ ನಿಂತಿದ್ದ ಹನುಮಯ್ಯನವರು, ಬಿದ್ದ ಮರದಿಂದ ಕಣ್ಣು ತೆಗೆಯದೆ, "ಅವ್ರು ಆಮೇಲೆ ಬಂದ್ರು ಕಣ್ಲಾ. ಮೊದಲ್ನೇ ಕೊಂಬೆ ಕಡ್ದೋನು ನಾನು" ಎಂದರು. ಮುನಿಶಾಮಯ್ಯನಿಗೆ ತಲೆಬುಡ ತಿಳಿಯಲಿಲ್ಲ. ಎಲ್ಲ ತಿಳಿದಿದ್ದ ನಾನು, ಗರಗಸದವರಿಗೆ ದಾರಿ ಬಿಡುವವನಂತೆ ಎರಡು ಹೆಜ್ಜೆ ಹಿಂದೆ ಸರಿದೆ.

ನಿವೃತ್ತಿಯ ಕಾಗದಪತ್ರಕ್ಕೆ ಫೋಟೋ ಬೇಕಾಗಿ ಹೋದ ವರ್ಷ ಅವರ ಸ್ಟುಡಿಯೋಕ್ಕೆ ಹೋದೆ. ಸ್ಟೂಲಿನ ಮೇಲೆ ಕೂತು, ಅಭ್ಯಾಸಬಲದಿಂದ, "ಒಸಿ ಎಡಕ್ಕೆ" ಎಂಬ ಅಪ್ಪಣೆಗೆ ಕಾದೆ. ಬರಲಿಲ್ಲ. ನಾನೇ ಕಾಲರು ಸರಿಪಡಿಸಹೋದೆ. "ಬುಡಿ ಮೇಷ್ಟ್ರೇ, ಇದ್ದಂಗೇ ಇರಿ" ಎಂದರು. ಆ ಪಟದಲ್ಲಿ ನನ್ನ ಕಾಲರು ಮಡಚಿಕೊಂಡೇ ಇದೆ.

ದೊಡ್ಡ ದೊಡ್ಡ ಗರಗಸಗಳ ಕಾಲದಲ್ಲಿ, ತಾವು ಹಿಡಿದ ಕುಡುಗೋಲನ್ನು ಮರೆಯಲಾಗದ ಕೆಲವರು ಇರುತ್ತಾರೆ. ಎಲ್ಲರೂ ಹಂಚಿಕೊಂಡು ಹಗುರಾಗಬಹುದಾದ ತಪ್ಪನ್ನು ಅವರು ಒಬ್ಬರೇ ಹೊತ್ತು, ಒಂದು ಪಕ್ಕಕ್ಕೆ ವಾಲುತ್ತ ನಡೆಯುತ್ತಾರೆ. ಪಕ್ಕದಲ್ಲಿ ನಾವು, ಅವರಷ್ಟೇ ತಪ್ಪು ಮಾಡಿಯೂ, ನೆಟ್ಟಗೆ ನಡೆಯುತ್ತಿರುತ್ತೇವೆ.