ಓಬಣ್ಣ ಮೇಲಿದ್ದ ಪಟ

“ಮೇಲಿರೋನು ನಮ್ಮ ಓಬಣ್ಣನೇ ಕಣ್ರಲೇ!”

ನಲ್ಲೂರಿನ ಚಿತ್ತಪ್ಪನ ಕೂಗಿಗೆ ಚನ್ನಗಿರಿಯ ಸಂತೆ ಗೌಸ್‌ಪೀರನ ಫೋಟೋ ಅಂಗಡಿಯತ್ತ ತಿರುಗಿತು. ಎತ್ತುಗಳೂ ತಿರುಗಿ ನೋಡಿದವು ಎನ್ನುವವರಿದ್ದಾರೆ. ಯುದ್ಧದ ಕಾಲ, ಫೋಟೋ ಕಾಗದವೇ ಸಿಗದ ದಿನಗಳು. ಆದರೂ ಗಾಜಿನ ಹಿಂದೆ ಮೊಳದುದ್ದದ ಪಟ! ಹೋದ ವಾರದ ಕುಸ್ತಿಯದು. ಹೊನ್ನಾಳಿಯ ಅಮೀರ್‌ಜಾನ್ ಬಿಲ್ಲಿನಂತೆ ಬಾಗಿದ್ದಾನೆ. ಅವನ ಬೆನ್ನ ಮೇಲೆ ನಲ್ಲೂರಿನ ಓಬಣ್ಣ, ಕೈಕಾಲು ಚಾಚಿ, ಗರುಡನಂತೆ ಹಾರುತ್ತಿದ್ದಾನೆ.

ಅದರ ಮರುಕ್ಷಣವೇ ಅಮೀರ್‌ಜಾನ್ ಎತ್ತಿ ಒಗೆದ ಹೊಡೆತಕ್ಕೆ ಓಬಣ್ಣ ಅಂಗಾತ ಮಣ್ಣಿಗೆ ಬಿದ್ದು ಸೋತಿದ್ದ. ಆ ಸದ್ದಿಗೆ ಸೂಳೆಕೆರೆಯ ಮೀನುಗಳು ದಡಕ್ಕೆ ಹಾರಿದ್ದವು. ಆದರೆ ಪಟದಲ್ಲಿ ಆ ಮರುಕ್ಷಣ ಇರಲಿಲ್ಲ.

“ಸವಾರಿ ಮಾಡ್ತಾ ಅದಾನೆ ನೋಡು!”

“ಹೊನ್ನಾಳಿಯೋನ ಮಕ ನೋಡ್ರೀ, ಒನಕೆ ನುಂಗ್ದಂಗೈತೆ!”

“ಲೇ, ಎತ್ತಿರೋನು ಅವನಲ್ವೇನೋ?”

“ಕೆಳಗಿರೋನು ಗೆಲ್ಲಾಕೆ ಆಗ್ತೈತೇನೋ ಪೆದ್ದ?”

ಸಂಜೆಯ ಹೊತ್ತಿಗೆ, ಕುಸ್ತಿಯನ್ನು ಕಣ್ಣಾರೆ ಕಂಡವರೂ ಪಟವನ್ನೇ ನಂಬಿದ್ದರು. ಓಬಣ್ಣ ಮೊದಲು ನಾಚಿದ, ಆಮೇಲೆ ಮೀಸೆ ತಿರುವಿದ. ಅವನಿಗೆ ಈ ಪಟ ಬೇಕಾಗಿಯೇ ಇತ್ತು. ಕುಸ್ತಿಯ ದಿನ ಮನೆಗೆ ಹೋಗಿ ತಾಯಿ ಉಡಚಮ್ಮನಿಗೆ “ಗೆದ್ದೆ ಯವ್ವ” ಎಂದುಬಿಟ್ಟಿದ್ದ. ಎಮ್ಮೆಯ ಹಾಲೆಲ್ಲ ಮಗನಿಗೆ ಕುಡಿಸಿ, ತಾನು ನೀರುಮಜ್ಜಿಗೆ ಕುಡಿದು ಬೆಳೆಸಿದವಳಿಗೆ ಇನ್ನೇನು ಹೇಳಿಯಾನು?

ಮುಂದಿನ ಸಂತೆಗೆ ಅವಳನ್ನೇ ಕರೆತಂದ. ಗೆದ್ದವನಿಗೆಂದು ಅವಳು ತಂಬಿಟ್ಟು ಕಟ್ಟಿಕೊಂಡು ಬಂದಿದ್ದಳು. ಗಾಜಿಗೆ ಮೂಗು ತಾಗಿಸಿ ಅವಳು ನೋಡುತ್ತಿರುವಾಗಲೇ ಜನ ಸರಕ್ಕನೆ ದಾರಿ ಬಿಟ್ಟರು. ಬಂದವನು ಅಮೀರ್‌ಜಾನ್.

“ನನ್ನ ಸೋಲಿಸಿದ ಪಟ ಎಲ್ಲೈತ್ರೀ ಗೌಸಣ್ಣ? ಹೊನ್ನಾಳೀಲೆಲ್ಲಾ ಅದೇ ಮಾತು!”

ಓಬಣ್ಣನ ಮೀಸೆ ಇಳಿಯಿತು. ಗೌಸ್‌ಪೀರ್ ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ತೂರಿಸಿದ.

ಅಮೀರ್‌ಜಾನ್ ಪಟವನ್ನು ದಿಟ್ಟಿಸಿದ. ಅವನು ಗಹಗಹಿಸಿ ನಕ್ಕ. “ಯಾ ಅಲ್ಲಾ! ನನ್ನ ಬೆನ್ನು ಇಷ್ಟು ಅಗಲ ಐತಾ?”

ಉಡಚಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಇವನ್ನ ಎತ್ತಿರೋನು ನೀನೇನಪ್ಪಾ?”

“ಹೂಂ ಅವ್ವಾ.”

“ನನ್ನ ಮಗ ಮೇಲೆ ಅದಾನೆ ಅಂತ ಊರೆಲ್ಲಾ ಕುಣೀತೈತೆ. ನನ್ನ ಕಣ್ಣಿಗೆ ಇವನ ಕಾಲಡಿ ನೆಲಾನೇ ಕಾಣವಲ್ದು. ಎತ್ತಿದೋನು ಇಳಿಸ್ಲೇಬೇಕಲ್ಲ. ಹೆಂಗೆ ಇಳಿಸ್ದೆ?”

ಓಬಣ್ಣ ಕುಸ್ತಿಯಲ್ಲಿ ತರಚಿ ಇನ್ನೂ ಮಾಯದ ಮೊಣಕೈಯನ್ನು ಬೆನ್ನ ಹಿಂದೆ ಎಳೆದುಕೊಂಡು ಅಮೀರ್‌ಜಾನನ ಮುಖವನ್ನೇ ನೋಡಿದ. ಅಮೀರ್‌ಜಾನ್ ಒಮ್ಮೆ ಆ ಮೊಣಕೈ ನೋಡಿದ, ಒಮ್ಮೆ ಮುದುಕಿಯ ಕೈಯಲ್ಲಿದ್ದ ತಂಬಿಟ್ಟಿನ ಗಂಟು ನೋಡಿದ.

“ಮೆಲ್ಲಗೆ ಅವ್ವಾ,” ಎಂದ. “ಕೂಸನ್ನ ಇಳಿಸ್ದಂಗೆ.”

ಉಡಚಮ್ಮ ಗಂಟು ಬಿಚ್ಚಿದಳು. ಮೊದಲ ತಂಬಿಟ್ಟನ್ನು ಅಮೀರ್‌ಜಾನನ ಅಂಗೈಗಿಟ್ಟಳು. ಎರಡನೆಯದನ್ನು ಮಗನಿಗೆ ಕೊಟ್ಟಳು. ಆಮೇಲೆ ಗಾಜಿನತ್ತ ತಿರುಗಿ, ಅದರ ಮೇಲೆ ಕೂತಿದ್ದ ತನ್ನ ಉಸಿರಿನ ಮಂಜನ್ನು ಸೆರಗಿನಿಂದ ಒರೆಸಿದಳು. ಒಳಗೆ ಓಬಣ್ಣ ಇನ್ನೂ ಗಾಳಿಯಲ್ಲೇ ಇದ್ದ.