ಯಾವೂರವನಲೇ ನೀ

"ಬೂಟು ಕೆಳಗ ಬಿಡಲೇ, ಬೋಳಿಮಗನ! ಚಾವಡಿ ಅಂದ್ರ ನಿಮ್ಮಪ್ಪನ ಕುರಿಹಟ್ಟಿ ಅಂದ್ಕೊಂಡೀಯೇನು?"

ಊರ ಕಂದಾಯದ ಮಾಲಿಪಾಟೀಲ ಜಗದೇವಪ್ಪಗೌಡ ಎಲೆ ಉಗುಳಿ ಗುಡುಗಿದ. ಮೆಟ್ಟಿಲ ಮೇಲಿಟ್ಟಿದ್ದ ಕಾಲನ್ನು ಅಮೋಘಸಿದ್ದ ಹಿಂದಕ್ಕೆ ತೆಗೆದ. ಹೈದರಾಬಾದಿನಲ್ಲಿ ಎಂ.ಎ. ಮುಗಿಸಿ ಬಂದವನು ಬಗ್ಗಿ ಬೂಟಿನ ಲಾಡಿ ಬಿಚ್ಚುವುದನ್ನು ಅವನ ತಮ್ಮ ದೇವಿಂದ್ರಪ್ಪ ಬೇವಿನ ಮರದ ಬುಡದಲ್ಲಿ ನಿಂತು ನೋಡಿದ. ಅಪ್ಪ ಸತ್ತ ವರ್ಷ ಉರ್ದು ಶಾಲೆಯ ಎರಡನೇ ಜಮಾತು ಬಿಟ್ಟು ಕುರಿಯ ಹಿಂದೆ ಕೋಲು ಹಿಡಿದವನು ಅವನು. ಅಣ್ಣ ಓದಲಿ ಎಂದು ಅಣ್ಣನ ಪಾಲಿನ ಬಿಸಿಲನ್ನೂ ತಾನೇ ತಿಂದಿದ್ದ. ಈ ಬಗ್ಗುವುದನ್ನು ನೋಡುವುದಕ್ಕಲ್ಲ.

"ಎಂ.ಎ. ಅಂದ್ರೇನಲೇ? ನಿಮ್ಮ ಕುರಿ ಹುಟ್ಟಿದಾಗ್ಲಿಂದ ಮ್ಯಾ ಅಂತಾವ. ಅವಕ್ಕೂ ಸರ್ಟಿಫಿಕೇಟ್ ಬರೀಲೇನು?"

ಮೇಜಿನ ಹಿಂದೆ ಕೂತಿದ್ದ ಸುರಪುರದ ಕಂದಾಯ ಅಧಿಕಾರಿ, ಗಿರ್ದಾವರ, ಕಿಸಕ್ಕನೆ ನಕ್ಕ. ನಿಜಾಮನ ಪಟ ಇಳಿಸಿದ ಮೊಳೆಗೆ ಗೌಡ ತನ್ನ ಛತ್ರಿ ನೇತುಹಾಕಿದ್ದ. ರಾಜ ಹೋಗಿದ್ದ, ಮೊಳೆ ಗೌಡನ ಪಾಲಿಗೆ ಉಳಿದಿತ್ತು.

"ಮತ್ತ ಇನ್ನೇನ್ ಓದ್ತೀಪಾ?" ಗಿರ್ದಾವರ ಕೇಳಿದ.

"ಸಂಶೋಧನೆರಿ. ಕುರಿ ಕಾಯೋ ಮಂದಿ ಯಾವ ಹಾದಿ ಹಿಡದು ಎಲ್ಲೆಲ್ಲಿ ಹೋಗ್ತಾರ, ಆ ಹಾದಿ ಹ್ಯಾಂಗ ಬಿದ್ವು ಅಂತ. ಸೋಮವಾರದೊಳಗ ಅರ್ಜಿ ಹೈದರಾಬಾದ್ ಮುಟ್ಟಬೇಕ್ರಿ. ನಾ ಈ ಸಂಸ್ಥಾನದಾಂವ ಅಂತ ಮುಲ್ಕಿ ಸರ್ಟಿಫಿಕೇಟ್ ಇಲ್ದಿದ್ರ ಅದನ್ನ ತಗೊಳ್ಳಂಗಿಲ್ಲ."

"ಕುರಿ ಹಿಂದ ಹೋದವ್ರ ಕಥಿ ಬರೀಲಾಕ ಸರ್ಕಾರ ರೊಕ್ಕ ಕೊಡ್ತದ!" ಗೌಡ ತೊಡೆ ತಟ್ಟಿದ. "ಕೇಳ್ರಿ ಸಾಹೇಬ್ರ, ಸ್ವರಾಜ್ಯ ಬಂತು!"

ದೇವಿಂದ್ರ ಕೋಲನ್ನು ಬೇವಿನ ಬುಡಕ್ಕೆ ಕುಟ್ಟಿದ. ಈ ಒಂದು ರುಜುವಿಗಾಗಿ ದೀಪಾವಳಿಯಿಂದ ಅವರ ಕುರಿ ಗೌಡನ ಹೊಲದಲ್ಲೇ ಮಲಗುತ್ತಿದ್ದವು. ಹೊಲದಲ್ಲಿ ಮಂದೆ ನಿಲ್ಲಿಸಿದರೆ ಹಿಕ್ಕೆ ಗೊಬ್ಬರಕ್ಕೆ ಬದಲಾಗಿ ಹೊಲದವನು ಜೋಳ ಅಳೆದು ಕೊಡುವುದು ಸೀಮೆಯ ರೂಢಿ. ಗೌಡ ಒಂದು ಕಾಳು ಕೊಟ್ಟಿರಲಿಲ್ಲ. "ಗಿರ್ದಾವರ ಬರ್ಲಿ, ನಾ ಹೇಳ್ತೀನಿ" ಎಂದಿದ್ದ, ಅಷ್ಟೇ. ಜೋಳ ಬೇಕೆಂದು ಇವರೂ ಕೇಳಲಿಲ್ಲ. ಅಣ್ಣ ಅದೇ ಹೊಲದ ಬದುವಿನಲ್ಲಿ ಕಂಬಳಿ ಹಾಸಿಕೊಂಡು ಅರ್ಜಿಯ ಜೊತೆಗಿಡುವ ಬರಹ ಬರೆಯುತ್ತಿದ್ದ. ಬರೆದದ್ದನ್ನು ಗಟ್ಟಿಯಾಗಿ ಓದುತ್ತಿದ್ದ. ದೇವಿಂದ್ರನಿಗೆ ಏನೂ ತಿಳಿಯುತ್ತಿರಲಿಲ್ಲ. ಆದರೆ ಆ ಇಂಗ್ಲಿಷಿನ ನಡುವೆ ತಿಂಥಣಿ, ಡೋಣಿ ಎಂದು ತಾವು ತುಳಿದ ಜಾಗದ ಹೆಸರು ಬಂದರೆ ಮೈ ಜುಮ್ಮೆನ್ನುತ್ತಿತ್ತು.

"ಮಾಳವ್ವನ ಕರೀರಿ. ಹಡದಾಕಿ ಬಾಯಿಲೇ ಕೇಳಿಬಿಡೂಣು," ಗೌಡ ಹೇಳಿದ.

ತಾಯಿ ಮಾಳಮ್ಮ ಸೆರಗು ಹೊದ್ದು ಬಂದು ಮೆಟ್ಟಿಲ ಕೆಳಗೆ ನಿಂತಳು.

"ಏನವ್ವಾ, ಇಷ್ಟು ಶಾಣ್ಯಾ ಮಗನ್ನ ಎಲ್ಲಿ ಹಡದಿ?" ಗೌಡನ ದನಿ ಬೆಣ್ಣೆಯಾಗಿತ್ತು.

ಮಂದೆಯ ನಡುವೆ ಹಡೆಯುವುದು ಹಾಲುಮತದ ಕುರುಬರಲ್ಲಿ ಹೆಮ್ಮೆಯ ಮಾತು. ಮಾಳಮ್ಮನ ಮುಖ ಅರಳಿತು.

"ಕುರಿ ನಡುವ ಹಡದೀನ್ರೀ ಗೌಡ್ರ! ತಾಳಿಕೋಟಿ ಕಡಿ ಹೋಗಿದ್ವಿ. ಡೋಣಿ ಹೊಳಿ ದಂಡಿಮ್ಯಾಗ, ಜಾಲಿ ಗಿಡದ ಬುಡಕ. ಕುರಿ ಉಣ್ಣಿ ಕತ್ತರಸೋ ಕತ್ತರಿಲೇ ಹೊಕ್ಕಳಬಳ್ಳಿ ಕೊಯ್ದೀವಿ. ಅದಕ್ಕ ಅಮೋಘಸಿದ್ದ ಅಂತ ದೇವ್ರ ಹೆಸ್ರು ಇಟ್ಟೀವ್ರಿ."

ಗಿರ್ದಾವರ ಪೆನ್ನಿಗೆ ಟೊಪ್ಪಿಗೆ ಹಾಕಿದ.

"ತಾಳಿಕೋಟಿ ಮುಂಬಯಿ ಸರ್ಕಾರದ್ದು. ಇಂವ ಗೈರ್ ಮುಲ್ಕಿ. ಹೊರಗಿನಾಂವ."

ಮಾಳಮ್ಮ ಮಗನ ಮುಖ ನೋಡಿದಳು. "ಯಾಕಪಾ? ನಾ ಏನರೆ ತಪ್ಪು ಹೇಳಿದೆ?"

"ಇಲ್ಲವ್ವ," ಅಮೋಘಸಿದ್ದ ಎಂದ. ಗಿರ್ದಾವರನ ಕಡೆ ತಿರುಗಿದ. "ಸಾಹೇಬ್ರ, ಮೇವಿಗಂತ ಹೋಗಿದ್ರು, ಮಳಿಗಾಲಕ್ಕ ತಿರುಗಿ ಬಂದ್ರು. ನಮ್ಮ ಮನಿ ಇಲ್ಲೇ ಅದ. ನಮ್ಮಪ್ಪನ್ನ ಇಲ್ಲೇ ಹೂಳೀವಿ."

"ಹೆಣ ಹೂಳಿದ್ರ ಊರು ನಿಮ್ದಾಯ್ತೇನಲೇ?" ಗೌಡ ಎಂದ. "ಆ ಜಾಗಾನೂ ನಂದೇ. ಹ್ವಾದ ವರ್ಷ ನೇಗಿಲಾ ಹೊಡಿಸೀನಿ. ಅಂಥಾ ತಗ್ಗೇನೂ ಸಿಗಲಿಲ್ಲ." ಆಮೇಲೆ ದನಿ ಇಳಿಸಿದ. "ನೋಡು, ಬಾವಿ ಕಡಿ ಹೊಲ ಇನ್ನಾ ಉಳದದ. ಯುಗಾದಿ ತನಕ ಕುರಿ ಅಲ್ಲಿ ನಿಲ್ಲಸ್ರಿ. ಮುಂದಿನ ವರ್ಷ ಸಾಹೇಬ್ರಿಗೆ ಮತ್ತ ಹೇಳೂಣು."

"ಸೋಮವಾರ ಹೋದ್ರ ಹೋತ್ರಿ..."

"ಹೋಗ್ಲಿ! ಕುರಿ ಕಾಯ್ಲಾಕ ಎಂ.ಎ. ಸಾಕು!"

ದೇವಿಂದ್ರ ಬೇವಿನ ಬುಡದಲ್ಲಿ ಇರಲಿಲ್ಲ.

ಮೊದಲು ಧೂಳು ಕಂಡಿತು. ಆಮೇಲೆ ಓಣಿ ತುಂಬ ಕುರಿ. ಟಗರು ಮೆಟ್ಟಿಲು ಹತ್ತಿತು, ಅದರ ಹಿಂದೆ ಇಡೀ ಮಂದೆ ನುಗ್ಗಿತು. ಮೇಜು ಉರುಳಿತು. ಗಾದಿಯ ಮೇಲೆ ಹಿಕ್ಕೆ ಉದುರಿತು. ಒಂದು ಮುದಿ ಕುರಿ ಗಿರ್ದಾವರನ ಕಾಲ ಬಳಿಯೇ ಉಚ್ಚೆ ಹೊಯ್ದಿತು. ಅವನು ಪೈಜಾಮ ಎತ್ತಿಕೊಂಡು ಗೋಡೆಗೆ ಅಂಟಿದ.

"ಏ ಸೂಳಿಮಗನ! ಹುಚ್ಚು ಹಿಡದದೇನು? ಹೊಡಕೊಂಡು ಹೋಗಲೇ!"

ಮಂದೆಯ ಹಿಂದೆ ಬಂದ ದೇವಿಂದ್ರ, ಕುರಿಗಳ ಸುತ್ತ ಬೇಲಿಯಾಗಿ ಕಟ್ಟುವ ಹಟ್ಟಿಬಲೆಯನ್ನು ಹೆಗಲಿಂದ ಬಿಚ್ಚಿ ಬಾಗಿಲ ಒಂದು ಕಂಬಕ್ಕೆ ಬಿಗಿದ. ಗೌಡ, ಗಿರ್ದಾವರ, ಕುರಿ ಎಲ್ಲ ಒಳಗೆ.

"ನಿನ್ನ ಹೊಲದಾಗ ನಮ್ಮಜ್ಜನ ಕಾಲದ ಹಿಕ್ಕಿ ಅದ. ಅದನ್ನ ತಿಂದು ಕೊಬ್ಬೀದಿ, ಈಗ ಯಾವೂರವನಲೇ ಅಂತ ಕೇಳ್ತಿ," ದೇವಿಂದ್ರ ಹೇಳಿದ. "ನಮ್ಮ ಕುರಿ ಮಲಗಿದ್ದು ನಮ್ಮೂರು. ಇವತ್ತ ಇಲ್ಲಿ ಮಲಗ್ತಾವ. ಸಾಹೇಬ್ರ, ಪೆನ್ನಿನ ಟೊಪ್ಪಿಗಿ ತಗದು ಬರಕೋರಿ."

"ತಮ್ಮಾ, ಬ್ಯಾಡೋ!" ಅಮೋಘಸಿದ್ದ ಅವನ ತೋಳು ಹಿಡಿದ.

"ಬೂಟು ಹಾಕ್ಕೋ," ದೇವಿಂದ್ರ ತಿರುಗಿ ನೋಡಲಿಲ್ಲ. "ಮೊದ್ಲು ಬೂಟು ಹಾಕ್ಕೋ."

ಓಣಿಯ ಕೊನೆಯಲ್ಲಿ ಗೌಡನ ವಾಡೆಯ ಬಾಗಿಲು ತೆರೆಯಿತು. ಆಳುಗಳು ಬಡಿಗೆ ಹಿಡಿದು ಹೊರಬಿದ್ದರು. ಅಮೋಘಸಿದ್ದ ಅವರನ್ನು ನೋಡಿದ. ಕುರಿಗಳ ನಡುವಿನ ಗೌಡನನ್ನು ನೋಡಿದ. ಕೆಳಗಿಳಿದು, ಬಗ್ಗಿ ಬೂಟಿನೊಳಗೆ ಕಾಲಿಟ್ಟು, ಲಾಡಿ ಕಟ್ಟದೆಯೇ ಮತ್ತೆ ಮೆಟ್ಟಿಲು ಹತ್ತಿ ತಮ್ಮನ ಪಕ್ಕ ನಿಂತ.

ಬಲೆಯ ಇನ್ನೊಂದು ತುದಿ ನೆಲದಲ್ಲಿ ಬಿದ್ದಿತ್ತು. ಮಾಳಮ್ಮ ಅದನ್ನು ಎತ್ತಿ ಎದುರಿನ ಕಂಬಕ್ಕೆ ಸುತ್ತಿದಳು. ಡೋಣಿ ದಂಡೆಯಲ್ಲಿ ತೋಳ ಬಂದಾಗ ಹಾಕುತ್ತಿದ್ದ ಗಂಟನ್ನೇ ಹಾಕಿ, ಕಂಬಕ್ಕೆ ಕಾಲು ಕೊಟ್ಟು ಜಗ್ಗಿ ಬಿಗಿದಳು.